ಕಿವಿಗೇ ಬೀಳದಿದ್ದರೆ ಬಾಯಿಗೆ ಹೇಗೆ ಬರುತ್ತೆ?

ಫ್ರೆಂಚರಿಗೆ ಜರ್ಮನ್ ವ್ಯಾಕರಣಕ್ಕಿಂತ ಅದರ ರಾಗವೇ ಕಷ್ಟ ಅಂತ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅವರಿಗೆ ಅಭ್ಯಾಸ ಸಾಲದು, ಅದಕ್ಕೇ ಹೀಗೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಅನ್ನಿಸಲಿಲ್ಲ.

ಫ್ರೆಂಚ್‌ನಲ್ಲಿ ಒತ್ತು, ಅಂದರೆ ಪದದ ಒಂದು ಭಾಗವನ್ನು ಜೋರಾಗಿ ಹೇಳುವುದು, ಒಂದೊಂದು ಪದಕ್ಕೂ ಅಂಟಿಕೊಂಡಿರುವುದಿಲ್ಲ. ಪದಗಳ ಗುಂಪಿನ ಕೊನೆಗೆ ಬಂದು ಕೂರುತ್ತದೆ. ಜರ್ಮನ್‌ನಲ್ಲಿ ಒತ್ತು ಜಾಗ ಬದಲಿಸಿದರೆ ಕೆಲವು ಕಡೆ ಅರ್ಥವೇ ಬದಲು. ‘ಉಮ್‌ಫಾರೆನ್’ ನೋಡಿ. ‘ಉಮ್’ ಒತ್ತಿ ಹೇಳಿದರೆ ಗಾಡಿ ಗುದ್ದಿ ಕೆಡವುವುದು. ‘ಫಾ’ ಒತ್ತಿದರೆ ಬಳಸಿಕೊಂಡು ಹೋಗುವುದು! ಎದುರಿಗೆ ನಿಂತವನ ಗತಿ ಏನು, ಅಲ್ವಾ?

ನನ್ನ ಜೊತೆ ಜರ್ಮನ್ ಕಲಿಯುತ್ತಿದ್ದ ಫ್ರಾನ್ಸಿನ ಲಿಯಾನ್ ಕಡೆಯ ಹುಡುಗಿ ಎರಡನ್ನೂ ಒಂದೇ ಥರ ಹೇಳುತ್ತಿದ್ದಳು. ಟೀಚರ್ ಎಷ್ಟು ಸಲ ಹೇಳಿಕೊಟ್ಟರೂ ‘ವ್ಯತ್ಯಾಸ ಎಲ್ಲಿದೆ?’ ಅನ್ನೋಳು. ಸುಮ್ನೆ ಹಟ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಭಾಷೆ ಮತ್ತು ಮನಸ್ಸಿನ ಸಂಶೋಧಕ ಎಮ್ಯಾನ್ಯುಯೆಲ್ ದ್ಯುಪು ಮತ್ತು ಜೊತೆಗಾರರು 1997ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಒತ್ತಿನಲ್ಲಿ ಮಾತ್ರ ಬೇರೆಯಾದ, ಅರ್ಥವಿಲ್ಲದ ಪದಗಳನ್ನು ಕೇಳಿಸಿದರೆ ಸ್ಪ್ಯಾನಿಷ್‌ನವರು ಸಲೀಸಾಗಿ ಗುರುತಿಸಿದರು, ಫ್ರೆಂಚರು ತಡಕಾಡಿದರು.

ನಮ್ಮ ಟೀಚರ್ ಕೊನೆಗೆ ಮೇಜು ತಟ್ಟಿಸಲು ಶುರು ಮಾಡಿದರು. ‘ಬಾನ್‌ಹೋಫ್’ (ರೈಲು ನಿಲ್ದಾಣ) ಅಂದರೆ ‘ಬಾನ್’ಗೆ ಜೋರು ಏಟು, ‘ಹೋಫ್’ಗೆ ಮೆಲ್ಲಗೆ. ಎರಡು ವಾರದಲ್ಲಿ ಅವಳ ಮಾತು ಎಷ್ಟೋ ಸುಧಾರಿಸಿತು. ನಾನೇನು ಜಾಣನಲ್ಲ ಬಿಡಿ. ಕನ್ನಡದಲ್ಲೂ ಒತ್ತಿನಿಂದ ಪದದ ಅರ್ಥ ಬದಲಾಗಲ್ಲವಲ್ಲ, ಅವಳಿಗಿಂತ ಜಾಸ್ತಿ ಮೇಜು ತಟ್ಟಿದವನು ನಾನೇ.