ಸತ್ಯಾಂಶ: ಕೋರ್ಟ್ ತಡೆಯದಿದ್ದರೆ ಅಲ್ ಗೋರ್ ಗೆಲ್ಲುತ್ತಿದ್ದರಾ?

‘ಸುಪ್ರೀಂ ಕೋರ್ಟ್ ಮರುಎಣಿಕೆ ನಿಲ್ಲಿಸದಿದ್ದರೆ 2000ರಲ್ಲಿ ಗೋರ್ ಅಮೆರಿಕದ ಅಧ್ಯಕ್ಷರಾಗುತ್ತಿದ್ದರು’ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಗೋರ್ ಆಗ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಎದುರಾಳಿ ಜಾರ್ಜ್ ಡಬ್ಲ್ಯು. ಬುಷ್. ಅಷ್ಟು ಖಚಿತವಾಗಿ ಹೇಳಲು ಆಗುವುದಿಲ್ಲ.

ಅಧ್ಯಕ್ಷರು ಯಾರೆಂದು ನಿರ್ಧರಿಸಿದ ಫ್ಲೋರಿಡಾ ರಾಜ್ಯದಲ್ಲಿ ಬುಷ್ ಗೆದ್ದದ್ದು ಬರೀ 537 ಮತಗಳಿಂದ. ಮರುವರ್ಷ ಪತ್ರಿಕೆಗಳು ಒಟ್ಟಾಗಿ, ಎಣಿಕೆಗೆ ಸೇರದ ಸುಮಾರು 1,75,000 ಮತಪತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದವು. ಕೆಲವದರಲ್ಲಿ ಮತ ಹಾಕಲು ಒತ್ತಿದ ತೂತು ಪೂರ್ತಿ ಬಿದ್ದಿರಲಿಲ್ಲ, ಕಾಗದದ ಚೂರು ಮೂಲೆಯಲ್ಲಿ ನೇತಾಡುತ್ತಿತ್ತು. ಅರ್ಧಕ್ಕೇ ನಿಂತ ಆ ಮರುಎಣಿಕೆ ಮುಗಿದಿದ್ದರೂ ಬುಷ್ ಗೆಲ್ಲುವ ಸಾಧ್ಯತೆಯೇ ಜಾಸ್ತಿ ಇತ್ತು. ಇಡೀ ರಾಜ್ಯದಲ್ಲಿ ಎಣಿಕೆಗೆ ಸೇರದ ಮತಪತ್ರಗಳನ್ನೆಲ್ಲ ನೋಡಿದ್ದರೆ ಗೋರ್ ಕೂದಲೆಳೆಯಷ್ಟು ಮುಂದಿರುತ್ತಿದ್ದರು. ಆದರೆ ಮರುಎಣಿಕೆಗೆ ಹೇಳಿದ್ದ ಫ್ಲೋರಿಡಾ ರಾಜ್ಯದ ಕೋರ್ಟ್ ಆದೇಶಿಸಿದ್ದು ಆ ಎಣಿಕೆಯನ್ನಲ್ಲ.

ನನಗೆ ಹೆಚ್ಚು ಬೇಸರ ತರುವುದು ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯ ಮತಪತ್ರ. ಹೆಸರುಗಳು ಎರಡೂ ಬದಿ, ತೂತುಗಳು ನಡುವೆ. ಗೋರ್‌ಗೆ ಒತ್ತಲು ಹೋದ ಎಷ್ಟೋ ಜನ ಇನ್ನೊಬ್ಬ ಅಭ್ಯರ್ಥಿ ಬುಕಾನನ್‌ಗೆ ಒತ್ತಿಬಿಟ್ಟರು. ಆ ತಪ್ಪನ್ನು ಯಾವ ಮರುಎಣಿಕೆಯೂ ಸರಿಮಾಡುತ್ತಿರಲಿಲ್ಲ.