ಲಗ್ನಪತ್ರಿಕೆಯಲ್ಲಿ ನಮ್ಮ ಹೆಸರೆಲ್ಲಿ?

ನಮ್ಮ ಮನೆಯ ಒಂದು ಮದುವೆಯಲ್ಲಿ ಲಗ್ನಪತ್ರಿಕೆಯಿಂದ ದೊಡ್ಡ ಸೋದರಮಾವನ ಹೆಸರು ಬಿಟ್ಟುಹೋಯಿತು. 'ತಮ್ಮ ಸುಖಾಗಮನ ಬಯಸುವವರು' ಅಂತ ಕೆಳಗೆ ಹದಿನೆಂಟು ಹೆಸರಿದ್ದವು. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಹೆಸರೂ ಇತ್ತು, ಮಾವನದಿಲ್ಲ. ಪ್ರೆಸ್ಸಿನವನ ತಪ್ಪು ಅಂತ ಅಪ್ಪ ಆಣೆ ಇಟ್ಟು ಹೇಳಿದರು. ಮಾವ ಮದುವೆಗೆ ಬಂದರು. ಮೂರು ಹೋಳಿಗೆ ತಿಂದರು. ಯಾರ ಹತ್ತಿರವೂ ಮಾತಾಡಲಿಲ್ಲ. ಆ ಮದುವೆ ಹೇಗಿತ್ತು ಅಂತ ಇವತ್ತು ಕೇಳಿದರೂ 'ಪತ್ರಿಕೆ ಸರಿ ಇರಲಿಲ್ಲ' ಅನ್ನುತ್ತಾರೆ.

ಇತಿಹಾಸದ ಸಿನಿಮಾ ನೋಡಿ ಜನ 'ಸತ್ಯಕ್ಕೆ ಅಪಚಾರವಾಗಿದೆ' ಅಂತ ಎದ್ದು ನಿಂತಾಗಲೆಲ್ಲ ನನಗೆ ಈ ಮಾವನೇ ಕಣ್ಣ ಮುಂದೆ ಬರುತ್ತಾರೆ. 2012ರಲ್ಲಿ ಬಂದ 'ಆರ್ಗೋ' ಥ್ರಿಲ್ಲರನ್ನೇ ತೆಗೆದುಕೊಳ್ಳಿ. ಬೆನ್ ಅಫ್ಲೆಕ್ ನಿರ್ದೇಶನ, ಹೀರೋನೂ ಅವರೇ. ಅದನ್ನು ನೋಡಿ ಮುಖ ಊದಿಸಿಕೊಂಡವರು ಒಬ್ಬಿಬ್ಬರಲ್ಲ, ಇಡೀ ಇಡೀ ದೇಶಗಳು.

ಕಥೆ ಇಷ್ಟು. 1979ರ ನವೆಂಬರ್ 4ರಂದು ಇರಾನಿನ ರಾಜಧಾನಿ ಟೆಹರಾನಿನ ಅಮೆರಿಕ ರಾಯಭಾರ ಕಚೇರಿಗೆ ಪ್ರತಿಭಟನಾಕಾರರು ನುಗ್ಗಿದರು. ಆರು ಜನ ಅಮೆರಿಕನ್ನರು ಹೇಗೋ ತಪ್ಪಿಸಿಕೊಂಡರು. ಕೊನೆಗೆ ಕೆನಡಾದ ರಾಯಭಾರಿ ಕೆನ್ ಟೇಲರ್ ಮತ್ತು ಅವರ ಸಹೋದ್ಯೋಗಿ ಜಾನ್ ಶಿಯರ್‌ಡೌನ್ ಮನೆಗಳಲ್ಲಿ ಎರಡೂವರೆ ತಿಂಗಳು ಅಡಗಿದ್ದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಟೋನಿ ಮೆಂಡೆಜ್ ಬಂದು 'ಇವರು ಕೆನಡಾದ ಸಿನಿಮಾದವರು, ಶೂಟಿಂಗಿಗೆ ಜಾಗ ನೋಡೋಕೆ ಬಂದಿದ್ದಾರೆ' ಅಂತ ವೇಷ ಕಟ್ಟಿಸಿದರು. 1980ರ ಜನವರಿ ಕೊನೆಯಲ್ಲಿ ಎಲ್ಲರೂ ವಿಮಾನ ಹತ್ತಿ ಹೊರಟುಹೋದರು.

ನಾನು ಈ ಸಿನಿಮಾ ನೋಡಿದ್ದು ಮನೆಯಲ್ಲಿ, ಅತ್ತೆಯ ಪಕ್ಕ ಕೂತು. ಕ್ಲೈಮ್ಯಾಕ್ಸಿನಲ್ಲಿ ಟಿಕೆಟ್ ಕನ್ಫರ್ಮ್ ಆಗಿಲ್ಲ, ಕಾವಲುಗಾರರು ಅನುಮಾನದಿಂದ ಹಾಲಿವುಡ್ಡಿಗೆ ಫೋನ್ ಹಚ್ಚಿದ್ದಾರೆ, ಆ ಕಡೆ ಫೋನ್ ಎತ್ತುವವರಿಲ್ಲ. ಆಮೇಲೆ ರನ್‌ವೇ ಮೇಲೆ ಜೀಪುಗಳು ವಿಮಾನವನ್ನು ಅಟ್ಟಿಸಿಕೊಂಡು ಹೋಗುತ್ತವೆ. ಅತ್ತೆ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟು 'ರಾಘವೇಂದ್ರಾ' ಅಂದರು. ವಿಮಾನ ಹಾರಿತು. ಆಗ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. 'ಅತ್ತೆ, ಜೀಪೂ ಬಂದಿರಲಿಲ್ಲ, ಫೋನೂ ಹೋಗಿರಲಿಲ್ಲ. ಟಿಕೆಟ್ಟನ್ನು ರಾಯಭಾರಿಯ ಹೆಂಡತಿ ಮೊದಲೇ ತಂದಿಟ್ಟಿದ್ದರು. ವಿಮಾನ ರಿಪೇರಿ ಅಂತ ಸ್ವಲ್ಪ ತಡವಾಯ್ತು, ಅಷ್ಟೇ' ಅಂದೆ.

'ಹಾಗಾದ್ರೆ ನಾನು ರಾಯರನ್ನ ಕರೆದದ್ದು ಸುಮ್ನೇನಾ?' ಅಂದರು ಅತ್ತೆ.

ರಾಜಕೀಯ ನಿಖರತೆ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿಮರ್ಶಕರೂ ಕೇಳಿದ ಹಾಗಿಲ್ಲ.

ನಿಜ ಹೇಳಬೇಕೆಂದರೆ ಅಸಲಿ ಎದೆಬಡಿತ ಇದ್ದದ್ದು ಪಂಚಾಂಗದಲ್ಲಿ. ಇರಾನಿನವರಿಗೆ ಹೊಸ ವರ್ಷ ಮಾರ್ಚಿನಲ್ಲಿ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಆಸುಪಾಸು. ಸಿಐಎ ತಯಾರಿಸಿದ ವೀಸಾಗಳಲ್ಲಿ ಆ ಲೆಕ್ಕ ತಪ್ಪಿ ತಾರೀಕು ಎಡವಟ್ಟಾಗಿತ್ತು. ಇರಾನಿನ ಭಾಷೆ ಫಾರ್ಸಿ ಓದಲು ಬರುತ್ತಿದ್ದ ಕೆನಡಾದ ರೋಜರ್ ಲೂಸಿ ಅದನ್ನು ಕಂಡುಹಿಡಿದರು. ಇಲ್ಲದಿದ್ದರೆ ಆರೂ ಜನ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತಿದ್ದರು. ಆದರೆ ಕ್ಯಾಲೆಂಡರ್ ಹಿಡಿದು ಕೂತವರನ್ನು ತೋರಿಸಿದರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆಯೇ? ಇನ್ನೊಂದು ಮಾತು. ಅವರು ಹತ್ತಿದ ಸ್ವಿಸ್‌ಏರ್ ವಿಮಾನದ ಮೂತಿಯ ಮೇಲೆ ಸ್ವಿಟ್ಜರ್ಲೆಂಡಿನ ಒಂದು ಪ್ರಾಂತ್ಯದ ಹೆಸರಿತ್ತು: 'ಆರ್ಗಾವ್'. ಇದು ನಿಜ. ಸಿನಿಮಾದಲ್ಲಿ ಹಾಕಿದ್ದರೆ 'ತೀರಾ ಓವರ್ ಆಯ್ತು' ಅಂತ ನಾವೇ ನಗುತ್ತಿದ್ದೆವು.

ಮೊದಲು ಮುನಿಸಿಕೊಂಡದ್ದು ಕೆನಡಾ. ಪಾಪ, ಮದುವೆ ಮಾಡಿದ್ದೇ ಅವರು. ಮನೆ ಕೊಟ್ಟರು, ಊಟ ಹಾಕಿದರು, ಪಾಸ್‌ಪೋರ್ಟ್ ಕೊಟ್ಟರು. ಸಹಾಯ ಕೇಳಿ ಫೋನ್ ಮಾಡಿದಾಗ 'ಇಷ್ಟು ದಿನ ಯಾಕೆ ಫೋನ್ ಮಾಡಲಿಲ್ಲ' ಅಂತ ಗದರಿದ ಶಿಯರ್‌ಡೌನ್ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಆರರಲ್ಲಿ ಹೆಚ್ಚಿನವರು ಇದ್ದದ್ದು ಅವರ ಮನೆಯಲ್ಲಿ. ಟೊರಾಂಟೊದ ಚಿತ್ರೋತ್ಸವದಲ್ಲಿ ತೋರಿಸಿದಾಗ ಕೊನೆಯಲ್ಲಿ ಬಂದ ಬರಹ ಬೇರೆ, ಟೇಲರ್ ಅವರಿಗೆ ಸಿಕ್ಕ ಸನ್ಮಾನಗಳೆಲ್ಲ ಸುಮ್ನೆ ಸಿಕ್ಕವು ಅನ್ನುವ ಹಾಗಿತ್ತು. ಟೇಲರ್ ಬೇಸರಪಟ್ಟರು. ಅಫ್ಲೆಕ್ ಬರಹ ಬದಲಿಸಿದರು. ಸಿಐಎಯ ಪಾತ್ರ ಕೆನಡಾದ ಪ್ರಯತ್ನಕ್ಕೆ ಪೂರಕವಾಗಿತ್ತು ಅಂತ ಹೊಸ ಸಾಲು ಬಂತು. ಎರಡು ಗಂಟೆ ಸಿನಿಮಾದಲ್ಲಿ ಅಮೆರಿಕ, ಕೊನೆಯ ಒಂದು ಸಾಲಿನಲ್ಲಿ ಕೆನಡಾ. ಪತ್ರಿಕೆ ಪ್ರಿಂಟಾದ ಮೇಲೆ ಬಿಟ್ಟುಹೋದ ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆದು ಕೊಡುತ್ತಾರಲ್ಲ, ಅದೇ ಕೆಲಸ.

ಘಟನೆ ನಡೆದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಪಾಲುಪಟ್ಟಿ ಮಾಡಲು ಕೂತರು. 2013ರ ಫೆಬ್ರವರಿಯಲ್ಲಿ ಟಿವಿ ಸಂದರ್ಶನದಲ್ಲಿ ಶೇ. 90ರಷ್ಟು ಕೆಲಸ ಕೆನಡಾದವರದ್ದು ಅಂದರು. ಅದೊಂದು ಬಿಟ್ಟರೆ ಸಿನಿಮಾ ತುಂಬಾ ಚೆನ್ನಾಗಿದೆ ಅಂತಲೂ ಸೇರಿಸಿದರು. ಸರಿ, ಇರುವ 100 ಗುಂಟೆಯಲ್ಲಿ 90 ಒಬ್ಬರಿಗೇ ಹೋಯಿತು. ಉಳಿದ 10 ಗುಂಟೆಗೆ ಸಿಐಎ, ಹಾಲಿವುಡ್, ಬ್ರಿಟನ್, ನ್ಯೂಜಿಲೆಂಡ್ ಎಲ್ಲರೂ ಬೇಲಿ ಹಾಕಬೇಕು.

ಬ್ರಿಟನ್ ಮತ್ತು ನ್ಯೂಜಿಲೆಂಡಿನ ಸಂಕಟ ಇನ್ನೂ ದೊಡ್ಡದು. ಅವರ ಹೆಸರು ಪತ್ರಿಕೆಯಲ್ಲಿತ್ತು, ಆದರೆ 'ಬಾಗಿಲು ಹಾಕಿಕೊಂಡವರು' ಅಂತ. ಎರಡೂ ದೇಶಗಳವರು ಆರು ಜನರನ್ನು ವಾಪಸ್ ಕಳಿಸಿದರು ಅನ್ನುತ್ತದೆ ಸಿನಿಮಾದ ಒಂದು ಡೈಲಾಗ್. ನಿಜದಲ್ಲಿ ಬ್ರಿಟಿಷರು ತಮ್ಮಲ್ಲಿ ತಂಗಲು ಜಾಗ ಕೊಟ್ಟಿದ್ದರು. ನ್ಯೂಜಿಲೆಂಡಿನ ರಾಜತಾಂತ್ರಿಕರೂ ಕದ್ದುಮುಚ್ಚಿ ನೆರವಾಗಿದ್ದರು. ಕೋಪ ಬಂದದ್ದು ನ್ಯಾಯವೇ. ಆದರೆ ಕೋಪ ತೀರಿಸಿಕೊಂಡ ಬಗೆ ನೋಡಿ. 2013ರ ಮಾರ್ಚಿನಲ್ಲಿ ನ್ಯೂಜಿಲೆಂಡ್ ಸಂಸತ್ತು ಆ ಸಿನಿಮಾದ ವಿರುದ್ಧ ನಿರ್ಣಯ ಪಾಸು ಮಾಡಿತು. ಆ ಡೈಲಾಗ್ ಹೇಳಿ ಮುಗಿಸಲು ಎರಡು ಮೂರು ಸೆಕೆಂಡ್ ಸಾಕು. ನಮ್ಮ ಮಾವನಿಗೆ ಇದು ಗೊತ್ತಾದರೆ ಕಷ್ಟ. ಗ್ರಾಮಸಭೆ ಕರೆಯಿರಿ ಅಂತಾರೆ.

ಇರಾನಿನವರಿಗೆ ಮಾತ್ರ ದೂರಲು ನಿಜವಾದ ಕಾರಣವಿತ್ತು. ಸಿನಿಮಾದ ಆರಂಭದಲ್ಲಿ 1953ರ ಕ್ಷಿಪ್ರಕ್ರಾಂತಿ, ಅದರಲ್ಲಿ ಪದವಿ ಕಳೆದುಕೊಂಡ ಪ್ರಧಾನಿ ಮೊಸಾದೆಗ್, ದೊರೆ ಶಾ ಎಲ್ಲ ಬರುತ್ತಾರೆ. ಅದೆಲ್ಲ ಸ್ವಲ್ಪ ಹೊತ್ತು, ಪರೀಕ್ಷೆಗೆ ಮುಂಚೆ ಗೈಡ್ ತಿರುವಿದ ಹಾಗೆ. ಆಮೇಲೆ ಇಡೀ ಊರೇ ಗಡ್ಡ, ಬಂದೂಕು, ಕೂಗಾಟ. ಒಳ್ಳೆಯವಳು ಅಂತ ಇರುವುದು ಮನೆಗೆಲಸದ ಹುಡುಗಿ ಸಹರ್, ಅವಳೂ ಕಲ್ಪನೆಯ ಪಾತ್ರ. ಕೊನೆಗೆ ಅವಳನ್ನು ಸುರಕ್ಷಿತವಾಗಿ ಗಡಿ ದಾಟಿಸುತ್ತಾರೆ. ಎಲ್ಲಿಗೆ? ಇರಾಕಿಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇರಾಕ್ ಇರಾನಿನ ಮೇಲೆ ಯುದ್ಧಕ್ಕೆ ಬಂತು. ಮಳೆಯಲ್ಲಿ ನೆನೆಯಬೇಡ ಮಗಳೇ ಅಂತ ಬಾವಿಗಿಳಿಸಿದ ಹಾಗಾಯಿತು.

ಇಷ್ಟು ಒಳ್ಳೆಯ ಕೇಸ್ ಕೈಯಲ್ಲಿದ್ದೂ ಟೆಹರಾನ್ ಏನು ಮಾಡಿತು? ಹಾಲಿವುಡ್ ಮೇಲೆ ಕೇಸ್ ಹಾಕುತ್ತೇವೆ ಅಂತ ಫ್ರಾನ್ಸಿನಿಂದ ವಕೀಲರನ್ನು ಹುಡುಕಿತು. ಸಿಕ್ಕ ವಕೀಲೆ ಇಸಾಬೆಲ್ ಕೂತಾಂ-ಪೇರ್. 'ಕಾರ್ಲೋಸ್ ದ ಜಾಕಲ್' ಅಂತ ಹೆಸರಾದ ಉಗ್ರನ ವಕೀಲೆಯೂ ಅವರೇ, ಜೈಲಿನಲ್ಲಿ ಅವನನ್ನು ಮದುವೆಯಾದವರೂ ಅವರೇ. 'ನಮ್ಮನ್ನು ಹಿಂಸಾಪ್ರಿಯರು ಅಂತ ತೋರಿಸಿದ್ದಾರೆ' ಅಂತ ವಾದಿಸಲು ಇದಕ್ಕಿಂತ ಸೂಕ್ತ ವ್ಯಕ್ತಿ ಎಲ್ಲಿ ಸಿಗಬೇಕು! ಉತ್ತರವಾಗಿ ನಮ್ಮದೇ ಸಿನಿಮಾ ತೆಗೆಯುತ್ತೇವೆ ಅಂತಲೂ ಘೋಷಣೆಯಾಯಿತು.

ನನಗೆ ಜಾಸ್ತಿ ಇಷ್ಟವಾದದ್ದು ತೋಳಿನ ಪ್ರಸಂಗ. 2013ರ ಫೆಬ್ರವರಿ 24ರಂದು ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರದ ಹೆಸರನ್ನು ಶ್ವೇತಭವನದಿಂದಲೇ ಘೋಷಿಸಿದ್ದು ಮಿಶೆಲ್ ಒಬಾಮ. ಸಿಐಎ ಹೀರೋ ಆಗಿರುವ ಸಿನಿಮಾಕ್ಕೆ ಅಧ್ಯಕ್ಷರ ಮನೆಯಿಂದ ಪ್ರಶಸ್ತಿ! 'ನೋಡಿ, ಇದು ಸರ್ಕಾರಿ ಪ್ರಚಾರ ಅಂತ ನಾವು ಹೇಳಿರಲಿಲ್ವಾ' ಅನ್ನಲು ಇರಾನಿಗೆ ಚಿನ್ನದಂಥ ಅವಕಾಶ. ಆದರೆ ಅಲ್ಲಿನ ಫಾರ್ಸ್ ಸುದ್ದಿಸಂಸ್ಥೆಯ ಕಣ್ಣು ಬಿದ್ದದ್ದು ಅವರ ತೋಳಿಲ್ಲದ ಉಡುಪಿನ ಮೇಲೆ. ಕಂಪ್ಯೂಟರಿನಲ್ಲೇ ತೋಳು ಹೊಲಿದರು, ಕುತ್ತಿಗೆ ಮೇಲೇರಿಸಿದರು, ಆಮೇಲೆ ಫೋಟೊ ಹಾಕಿದರು. ಆ ಬೆಳ್ಳಿ ಬಣ್ಣದ ಉಡುಪು ಮುಂಬೈಯಲ್ಲಿ ಹುಟ್ಟಿದ ವಿನ್ಯಾಸಗಾರ ನಯೀಮ್ ಖಾನ್ ಅವರದ್ದು. ಇತಿಹಾಸ ತಿರುಚಿದ್ದಾರೆ ಅಂತ ಹಾಲಿವುಡ್ಡನ್ನು ಬೈಯುತ್ತಿದ್ದವರು, ಹಿಂದಿನ ರಾತ್ರಿಯ ಫೋಟೊಗೇ ಆಲ್ಟ್ರೇಶನ್ ಮಾಡಿ ಕೊಟ್ಟರು. ಅಳತೆಯನ್ನೂ ತೆಗೆದುಕೊಳ್ಳದೆ.

ಅಮೆರಿಕದವರು ತಮ್ಮ ಊರನ್ನಾದರೂ ಸರಿಯಾಗಿ ತೋರಿಸಿದರೇ ಅಂದರೆ ಅದೂ ಇಲ್ಲ. ಸಿನಿಮಾದಲ್ಲಿ ಬೆಟ್ಟದ ಮೇಲಿನ ಹಾಲಿವುಡ್ ಫಲಕ ಮುರಿದು ಬಿದ್ದಿದೆ. ನಿಜದಲ್ಲಿ ಅದನ್ನು 1978ರಲ್ಲೇ ಹೊಸದಾಗಿ ಕಟ್ಟಿದ್ದರು. ಮೆಂಡೆಜ್ ಜೊತೆಗೆ ಟೆಹರಾನಿಗೆ ಹೋಗಿದ್ದ ಇನ್ನೊಬ್ಬ ಸಿಐಎ ಅಧಿಕಾರಿ ಸಿನಿಮಾದಲ್ಲಿ ಇಲ್ಲ. ಎಡ್ ಜಾನ್ಸನ್ ಅನ್ನುವ ಅವರ ಹೆಸರನ್ನು ಸಿಐಎ ಹೊರಗೆ ಹೇಳಿದ್ದೇ 2023ರಲ್ಲಿ. ಅವರು ಯಾವ ಸಂಸತ್ತಿನಲ್ಲಿ ನಿರ್ಣಯ ಮಂಡಿಸಬೇಕು?

ಈ ಗದ್ದಲದಲ್ಲಿ ಭಾರತ ಒಂದು ದೊಡ್ಡ ಅವಕಾಶ ಕಳೆದುಕೊಂಡಿತು. ಆರು ಜನರ ಸುಳ್ಳು ಸಿನಿಮಾಕ್ಕೆ ಸಿಐಎ ಬಳಸಿದ ಚಿತ್ರಕಥೆ ಅಸಲಿಗೆ 'ಲಾರ್ಡ್ ಆಫ್ ಲೈಟ್' ಅನ್ನುವ 1967ರ ಕಾದಂಬರಿಯದ್ದು. ಬರೆದವರು ರೋಜರ್ ಝೆಲಾಜ್ನಿ. ದೂರದ ಗ್ರಹವೊಂದರಲ್ಲಿ ಮನುಷ್ಯರು ಯಂತ್ರಗಳ ಬಲದಿಂದ ಬ್ರಹ್ಮ, ಯಮ, ಅಗ್ನಿ ಅಂತ ಹೆಸರಿಟ್ಟುಕೊಂಡು ಆಳುವ ಕಥೆ. ಯಾವತ್ತೋ ಮೂಲೆ ಸೇರಿದ್ದ ಆ ಚಿತ್ರಕಥೆಗೆ 'ಆರ್ಗೋ' ಅಂತ ಹೊಸ ರಟ್ಟು ಹಾಕಿ ಟೆಹರಾನಿಗೆ ಒಯ್ದರು. ಅಂದರೆ ಆರು ಅಮೆರಿಕನ್ನರು ಪಾರಾದದ್ದು ಯಮ, ಅಗ್ನಿಯರ ನೆರಳಲ್ಲಿ! ಸಿನಿಮಾದಲ್ಲಿ ಅದನ್ನೆಲ್ಲ ತೆಗೆದು ಮರಳುಗಾಡು, ಅಂತರಿಕ್ಷ ನೌಕೆ ಹಾಕಿದ್ದಾರೆ. ಸಣ್ಣಪುಟ್ಟದಕ್ಕೆಲ್ಲ ಬೀದಿಗಿಳಿಯುವ ನಮ್ಮವರು ಇದನ್ನು ಹೇಗೆ ಬಿಟ್ಟರೋ ನಾ ಕಾಣೆ. ಇದನ್ನು ಓದಿ ಯಾರಾದರೂ ಈಗ ಶುರು ಮಾಡಿದರೆ ನನ್ನ ಹೆಸರು ಹೇಳಬೇಡಿ.

ಆ ಕಾದಂಬರಿಯ ನಾಯಕ ತನ್ನ ಉದ್ದದ ಹೆಸರನ್ನು ಮೊಟಕುಗೊಳಿಸಿ ಸ್ಯಾಮ್ ಅಂತ ಕರೆಸಿಕೊಳ್ಳುತ್ತಾನೆ. ಟೆಹರಾನಿನಲ್ಲೂ ನಿಜವಾಗಿ ಒಬ್ಬ ಸ್ಯಾಮ್ ಇದ್ದರು. ಅಮೆರಿಕನ್ನರ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಥಾಯ್ಲೆಂಡಿನವರು, ಪೂರ್ತಿ ಹೆಸರಲ್ಲಿ ಸೋಮ್‌ಚಾಯ್. ಕೆನಡಾದವರ ಮನೆ ಸೇರುವ ಮುಂಚಿನ ಆ ದಿನಗಳಲ್ಲಿ, ಎಲ್ಲಿ ಹೋದರೂ ಸಿಕ್ಕಿಬೀಳುವ ಭಯವಿದ್ದಾಗ, ತಪ್ಪಿಸಿಕೊಂಡವರನ್ನು ಖಾಲಿ ಮನೆಗಳಲ್ಲಿ ಬಚ್ಚಿಟ್ಟು ಊಟ ಹಾಕಿದ್ದು ಇವರು. ಸಿನಿಮಾದಲ್ಲಿ ಇವರಿಲ್ಲ. ಕಾರ್ಟರ್ ಹಂಚಿದ ಗುಂಟೆಗಳಲ್ಲೂ ಇವರಿಗೆ ಪಾಲಿಲ್ಲ.

ಮೊನ್ನೆ ಮಾವನಿಗೆ ಫೋನ್ ಮಾಡಿದಾಗ ಸುಮ್ನೆ ಕೇಳಿದೆ, 'ಮಾವ, ಆ ಮದುವೆಯಲ್ಲಿ ಹೋಳಿಗೆ ಮಾಡಿದ ಅಡುಗೆ ಭಟ್ಟರ ಹೆಸರೇನು?'

'ಯಾವ ಭಟ್ಟರೋ? ಅದು ಬಿಡು' ಅಂದರು ಮಾವ. 'ಆ ಪ್ರೆಸ್ಸಿನವನ ಹೆಸರು ಗೊತ್ತಾಯ್ತಾ?'