ಸರ್ಕಾರಿ ವಕೀಲರ ಕಚೇರಿ ಶಿರಸಿಗೂ ಬೇಕಾ? ಪರ–ವಿರೋಧ

2024ರ ಜುಲೈ 1ರಂದು ಹಳೆಯ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಪ್ರತಿ ಜಿಲ್ಲೆಯಲ್ಲೂ ಒಂದು ಜಿಲ್ಲಾ ಅಭಿಯೋಜನಾ (ಪ್ರಾಸಿಕ್ಯೂಷನ್) ನಿರ್ದೇಶನಾಲಯ ಮಾಡಬಹುದು. ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರೆಲ್ಲ ಅದರ ಕೈಕೆಳಗೆ ಬರುತ್ತಾರೆ. ಅಲ್ಲಿ ಎಷ್ಟು ಉಪ ನಿರ್ದೇಶಕರು, ಎಷ್ಟು ಸಹಾಯಕ ನಿರ್ದೇಶಕರು ಇರಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟ ವಿಷಯ. ಅವರು ಯಾವ ಊರಲ್ಲಿ ಕೂರಬೇಕು ಅಂತ ಕಾಯ್ದೆ ಹೇಳಿಲ್ಲ. ಉತ್ತರ ಕನ್ನಡದಲ್ಲಿ ಚರ್ಚೆ ಆಗಬೇಕಾದದ್ದು ಇದೇ. ಉಪ ನಿರ್ದೇಶಕರು ಜಿಲ್ಲಾ ಕೇಂದ್ರ ಕಾರವಾರದಲ್ಲಿ ಇರಲಿ, ಅದಕ್ಕೆ ಯಾರದ್ದೂ ತಕರಾರಿಲ್ಲ. ಆದರೆ ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಅಂತಲೇ ಶಿರಸಿಯಲ್ಲಿ ಒಬ್ಬ ಸಹಾಯಕ ನಿರ್ದೇಶಕರ ಕಚೇರಿ ಬೇಕಾ? ಎರಡು ಕಡೆಯ ವಾದವೂ ಇಲ್ಲಿದೆ.

ಪರ: ಮೇಲ್ವಿಚಾರಣೆ ಮಾಡುವವರು ಕೋರ್ಟಿನ ಹತ್ತಿರ ಇರಬೇಕು

ಜಿಲ್ಲೆಯ 12 ತಾಲ್ಲೂಕುಗಳಲ್ಲಿ ಕರಾವಳಿಗೆ ಸೇರಿದ್ದು ಐದು. ಉಳಿದ ಏಳು ಘಟ್ಟದ ಮೇಲಿವೆ. ಶಿರಸಿಯಿಂದ ಕಾರವಾರಕ್ಕೆ ಸುಮಾರು 120 ಕಿಲೋಮೀಟರ್. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗಬೇಕು. ಸಿದ್ದಾಪುರದವರು ಮೊದಲು ಶಿರಸಿಗೆ ಬಂದು ಆಮೇಲೆ ಇಷ್ಟು ದೂರ ಹೋಗಬೇಕು. ಮಳೆಗಾಲದಲ್ಲಿ ರಸ್ತೆ ಇರುತ್ತದೆ ಅನ್ನೋ ಖಾತ್ರಿಯೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿತು. ಕುಮಟಾ ಕಡೆಯಿಂದ ಕಾರವಾರಕ್ಕೆ ಹೋಗುವ ನೇರ ದಾರಿಯೇ ಇಲ್ಲವಾಯಿತು.

ಈ ಕಷ್ಟ ನೋಡಿಯೇ ಅಲ್ವಾ ಶಿರಸಿಯಲ್ಲಿ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಬಂದದ್ದು? ಕೊಲೆ ಕೇಸಿನ ವಿಚಾರಣೆಯೂ ಇಲ್ಲೇ ನಡೆಯಬಹುದು ಅಂತ ಒಪ್ಪಿಕೊಂಡ ಮೇಲೆ, ಆ ಕೇಸು ನಡೆಸುವ ಸರ್ಕಾರಿ ವಕೀಲರ ಕೆಲಸ ನೋಡಿಕೊಳ್ಳುವವರು ಮಾತ್ರ 120 ಕಿಲೋಮೀಟರ್ ಆಚೆ ಯಾಕಿರಬೇಕು?

ಘಟ್ಟದ ಮೇಲಿನ ಯಾವುದಾದರೂ ತಾಲ್ಲೂಕು ಕೋರ್ಟಿಗೆ ಒಂದು ಬೆಳಗ್ಗೆ ಹೋಗಿ ನೋಡಿ. ಹತ್ತೂವರೆಗೆ ವರಾಂಡದ ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ಅಡಿಕೆ ಕಳ್ಳತನದ ಕೇಸಿನಲ್ಲಿ ಪಂಚರಾಗಿ, ಅಂದರೆ ಪೊಲೀಸರ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದವರು. ಸಮನ್ಸ್ ಮಡಿಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವತ್ತು ತೋಟಕ್ಕೆ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನ. ಅವನನ್ನು ಇನ್ನೊಂದು ದಿನಕ್ಕೆ ಹೇಳಿ ಬಂದಿದ್ದಾರೆ. ಹನ್ನೊಂದೂವರೆಗೆ ಕೋರ್ಟ್ ಡ್ಯೂಟಿಯ ಪೊಲೀಸ್ ಬಂದು, "ಹೆಗಡೇರೇ, ಇವತ್ತು ನಿಮ್ಮದು ಆಗೋದಿಲ್ಲ. ಎಪಿಪಿ ಸಾಹೇಬ್ರಿಗೆ ಪಕ್ಕದ ತಾಲ್ಲೂಕಿನ ಪ್ರಭಾರ ಇದೆ, ಅಲ್ಲಿಗೆ ಹೋಗಿದ್ದಾರೆ" ಅನ್ನುತ್ತಾರೆ. ಎಪಿಪಿ ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೇಸು ನಡೆಸುವ ಸಹಾಯಕ ಸರ್ಕಾರಿ ವಕೀಲರು. "ಹೋದ ತಾರೀಕಿಗೂ ಹಿಂಗೇ ಆಯ್ತಲ್ರೀ ಮಾರಾಯ್ರೆ" ಅಂತ ಇವರು ಎದ್ದು ಹೋಗುತ್ತಾರೆ. ಮೂರನೇ ಸಲ ಬಂದಾಗ ಇವರಿಗೆ ಯಾವ ಚೀಲ, ಎಷ್ಟು ಗಂಟೆ, ಯಾರ ಎದುರು ಅನ್ನೋದು ಅರ್ಧ ಮರೆತಿರುತ್ತದೆ. ಮಧ್ಯದಲ್ಲಿ ಆರೋಪಿ ಕಡೆಯವರು ಮನೆಗೆ ಬಂದು ಮಾತಾಡಿಸಿಕೊಂಡೂ ಹೋಗಿರುತ್ತಾರೆ. ಸಾಕ್ಷಿ ಕಟ್ಟೆ ಹತ್ತಿ "ನನಗೇನೂ ಗೊತ್ತಿಲ್ಲ, ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆ" ಅಂದುಬಿಡುತ್ತಾರೆ. ಕೇಸು ಅಲ್ಲಿಗೆ ಬಿತ್ತು.

ಇದನ್ನು ತಪ್ಪಿಸುವುದೇ ಎಪಿಪಿಗಳ ಮೇಲಿರುವ ಮುಖ್ಯಸ್ಥರ ಕೆಲಸ. ಯಾವ ಎಪಿಪಿಗೆ ಯಾವ ದಿನ ಯಾವ ಕೋರ್ಟು, ಯಾವ ಕೇಸಿನಲ್ಲಿ ಸಾಕ್ಷಿ ಹಾಜರಿದ್ದಾರೆ, ಯಾರನ್ನು ಎಲ್ಲಿಗೆ ಕಳಿಸಿದರೆ ಅವತ್ತಿನ ಸಾಕ್ಷಿ ಆಗುತ್ತದೆ, ಇವು ಬೆಳಗ್ಗೆ ಹತ್ತು ಗಂಟೆಯೊಳಗೆ ಆಗಬೇಕಾದ ತೀರ್ಮಾನಗಳು. ಕಾರವಾರದಲ್ಲಿ ಕೂತವರಿಗೆ ಇದು ತಿಂಗಳ ಕೊನೆಯ ವರದಿಯಲ್ಲಿ ಒಂದು ಸಾಲಾಗಿ ಕಾಣುತ್ತದೆ. ಶಿರಸಿಯಲ್ಲಿ ಕೂತವರು ನೇರ ಕೋರ್ಟಿಗೇ ಹೋಗಿ ನೋಡಬಹುದು.

ಚಾರ್ಜ್‌ಶೀಟ್ ವಿಷಯವೂ ಹಾಗೇ. ಸಿಸಿಟಿವಿ ದೃಶ್ಯ ಪೆನ್‌ಡ್ರೈವ್‌ನಲ್ಲಿ ಬಂದಿರುತ್ತದೆ, ಅದರ ಜೊತೆ ಕೊಡಬೇಕಾದ ಪ್ರಮಾಣಪತ್ರ ಇರುವುದಿಲ್ಲ. ಪಂಚನಾಮೆಯಲ್ಲಿ ಬರೆದ ಹೊತ್ತಿಗೂ ಎಫ್‌ಐಆರ್‌ನ ಹೊತ್ತಿಗೂ ತಾಳೆ ಆಗುವುದಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಇದು ಕಣ್ಣಿಗೆ ಬಿದ್ದರೆ ಹೆಚ್ಚಿನ ತನಿಖೆ ಮಾಡಿಸಿ ಸರಿಪಡಿಸಲು ದಾರಿ ಇದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಎತ್ತಿ ತೋರಿಸಿದ ಮೇಲೆ ಏನೂ ಮಾಡಲಾಗುವುದಿಲ್ಲ. ಮುಂಡಗೋಡ, ಯಲ್ಲಾಪುರ, ಸಿದ್ದಾಪುರದ ಠಾಣೆಯವರನ್ನು ಕರೆಸಿ ಕಡತ ಎದುರಿಗಿಟ್ಟುಕೊಂಡು ಮಾತಾಡಲು ಶಿರಸಿ ಅನುಕೂಲ. ಫೋನಿನಲ್ಲಿ ಕಡತ ಓದಲಾಗುವುದಿಲ್ಲ.

ಖುಲಾಸೆ ಆದ ಮೇಲೆ ಏನು? 2014ರ ಕಿಶನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು. ಖುಲಾಸೆಯಾದ ಪ್ರತಿ ಕೇಸನ್ನೂ ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳ ಸಮಿತಿ ನೋಡಬೇಕು, ತಪ್ಪು ಎಲ್ಲಾಯಿತು ಅಂತ ಹುಡುಕಬೇಕು. ಮೇಲ್ಮನವಿ ಹಾಕುವುದಾದರೆ ಕಾಲಮಿತಿ 90 ದಿನ. ಅಷ್ಟರಲ್ಲಿ ತೀರ್ಪಿನ ನಕಲು ಸಿಗಬೇಕು, ಎಪಿಪಿ ಅಭಿಪ್ರಾಯ ಬರೆಯಬೇಕು, ಕಡತ ಮೇಲೆ ಹೋಗಬೇಕು, ಆದೇಶ ಬರಬೇಕು. ಸೆಷನ್ಸ್ ತೀರ್ಪಾದರೆ ಬೆಂಗಳೂರು ಸುತ್ತಿ ಧಾರವಾಡದ ಹೈಕೋರ್ಟ್ ಪೀಠ ತಲುಪಬೇಕು. ಈ ದಾರಿಯ ಮೊದಲ ಹೆಜ್ಜೆಯಲ್ಲೇ ವಾರಗಟ್ಟಲೆ ಹೋದರೆ ಕೊನೆಗೆ ಉಳಿಯುವುದು ವಿಳಂಬ ಮನ್ನಿಸಿ ಅನ್ನೋ ಅರ್ಜಿ. ಮೊದಲ ಹೆಜ್ಜೆ ಇಡಿಸುವವರು ಪಕ್ಕದಲ್ಲೇ ಇದ್ದರೆ ತೀರ್ಪು ಬಂದ ವಾರದಲ್ಲೇ ಅಭಿಪ್ರಾಯ ಹೋಗುತ್ತದೆ.

ಹೊಸ ಕಟ್ಟಡ ಬೇಡ, ಎರಡು ಕೋಣೆ ಸಾಕು. ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ, ಸಾಕ್ಷಿಗಳು ಕೂತು ತಮ್ಮ ಹೇಳಿಕೆ ಓದಿಸಿಕೊಳ್ಳಲು ಒಂದು ಜಾಗ. ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಆರೋಪಿ ಕಡೆಯವರ ಎದುರು ವರಾಂಡದಲ್ಲಿ ನಾಲ್ಕು ತಾಸು ನಿಲ್ಲುವುದು ತಪ್ಪಿದರೆ ಅಷ್ಟಕ್ಕೇ ಈ ಕಚೇರಿ ಬೇಕು ಅನ್ನುತ್ತೇನೆ ನಾನು.

ವಿರೋಧ: ಕಚೇರಿ ಒಂದೇ ಇರಲಿ, ಕೋರ್ಟಿನಲ್ಲಿ ಕೆಲಸ ಮಾಡುವವರು ಜಾಸ್ತಿಯಾಗಲಿ

ಮೇಲೆ ಹೇಳಿದ ಪಂಚರ ಕಷ್ಟ ನಿಜ. ಆದರೆ ಅವರು ವಾಪಸ್ ಹೋದದ್ದು ಯಾಕೆ? ಮುಖ್ಯಸ್ಥರು ದೂರ ಇದ್ದರು ಅಂತಲ್ಲ, ಅವತ್ತು ಆ ಕೋರ್ಟಿನಲ್ಲಿ ಎಪಿಪಿಯೇ ಇರಲಿಲ್ಲ. ಒಬ್ಬರಿಗೆ ಎರಡು ಕಡೆಯ ಹೊಣೆ ಇದ್ದರೆ ಶಿರಸಿಯಲ್ಲಿ ಎಷ್ಟೇ ದೊಡ್ಡ ಅಧಿಕಾರಿ ಕೂತರೂ ಅವರನ್ನು ಎರಡು ಕಡೆ ನಿಲ್ಲಿಸಲಾಗುವುದಿಲ್ಲ. ಸಹಾಯಕ ನಿರ್ದೇಶಕರಾಗಲು ಕಾಯ್ದೆ ಏಳು ವರ್ಷದ ವಕೀಲಿಕೆ ಕೇಳುತ್ತದೆ, ಇಲ್ಲವೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಆಗಿರಬೇಕು. ಇಲಾಖೆಯೊಳಗಿಂದಲೇ ತಂದರೆ ಅದು ಅನುಭವಿ ಹಿರಿಯ ಎಪಿಪಿಗಳಲ್ಲೊಬ್ಬರು. ಅಂದರೆ ಪಾಟೀ ಸವಾಲು ಚೆನ್ನಾಗಿ ಮಾಡುವ ಒಬ್ಬರನ್ನು ಕೋರ್ಟಿನಿಂದ ತೆಗೆದು ಮೇಜಿನ ಹಿಂದೆ ಕೂರಿಸಿದ ಹಾಗೆ. ವರಾಂಡದ ಬೆಂಚಿನ ಮೇಲಿನ ಸಾಕ್ಷಿಗೆ ಇದರಿಂದ ಏನು ಸಿಕ್ಕಿತು?

ಕಾಯ್ದೆಯ ಹಂಚಿಕೆಯನ್ನು ಸರಿಯಾಗಿ ಓದಿದರೆ ಶಿರಸಿ ಕಚೇರಿಯ ಮಾತು ಇನ್ನೂ ಸಪ್ಪೆಯಾಗುತ್ತದೆ. ಹತ್ತು ವರ್ಷ ಅಥವಾ ಹೆಚ್ಚು ಶಿಕ್ಷೆಯ ಕೇಸುಗಳು, ಜೀವಾವಧಿ, ಮರಣದಂಡನೆಯವು ರಾಜ್ಯದ ನಿರ್ದೇಶಕರ ನಿಗಾಕ್ಕೆ. ಏಳರಿಂದ ಹತ್ತರೊಳಗಿನವು ಉಪ ನಿರ್ದೇಶಕರಿಗೆ. ಏಳಕ್ಕಿಂತ ಕಡಿಮೆಯವು ಮಾತ್ರ ಸಹಾಯಕ ನಿರ್ದೇಶಕರಿಗೆ. ಅದೇ ಅಡಿಕೆ ಕಳ್ಳತನ ತೆಗೆದುಕೊಳ್ಳಿ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆ ಕದ್ದರೆ ಅದು ಸಾಮಾನ್ಯ ಕಳ್ಳತನ, ಗರಿಷ್ಠ ಮೂರು ವರ್ಷ, ಶಿರಸಿಯ ಕಡತ. ಅದೇ ಅಡಿಕೆಯನ್ನು ಮನೆಯೊಳಗಿನಿಂದಲೋ ಗೋದಾಮಿನಿಂದಲೋ ಕದ್ದರೆ ಏಳು ವರ್ಷದವರೆಗೆ ಶಿಕ್ಷೆ, ಕಾರವಾರದ ಕಡತ. ಕಳ್ಳ ಒಬ್ಬನೇ, ಠಾಣೆ ಒಂದೇ, ತನಿಖಾಧಿಕಾರಿ ಒಬ್ಬರೇ. ಶಿಕ್ಷೆಯ ವರ್ಷದ ಮೇಲೆ ಈಗಾಗಲೇ ಹಂಚಿಹೋದ ಕೆಲಸವನ್ನು ಊರಿನ ಮೇಲೆ ಮತ್ತೆ ಹಂಚಿದರೆ ಕೇಳುವವರಿಗೂ ಹೇಳುವವರಿಗೂ ಗೊಂದಲ.

ಘಟ್ಟದ ಮೇಲಿನ ಏಳು ತಾಲ್ಲೂಕಿಗೂ ಶಿರಸಿ ಹತ್ತಿರ ಅನ್ನೋದೂ ಪೂರ್ತಿ ಸರಿಯಲ್ಲ. ಜೋಯಿಡಾದವರು ಅಣಶಿ ಘಟ್ಟ ಇಳಿದರೆ ಕಾರವಾರ. ಶಿರಸಿಗೆ ಬರಬೇಕಾದರೆ ಯಲ್ಲಾಪುರ ಸುತ್ತಬೇಕು. ಹಳಿಯಾಳದವರ ಓಡಾಟ ಧಾರವಾಡದ ಕಡೆಗೇ ಜಾಸ್ತಿ. ದೂರವೇ ಅಳತೆಗೋಲಾದರೆ ಕರಾವಳಿಯಲ್ಲೇ ಇರುವ ಭಟ್ಕಳ ಕೂಡ ಕಾರವಾರಕ್ಕೆ ದೂರವೇ. ನಾಳೆ ಅವರೂ ಕೇಳುತ್ತಾರೆ, ದಾಂಡೇಲಿಯವರೂ ಕೇಳುತ್ತಾರೆ. ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕು ಅನ್ನೋ ಬೇಡಿಕೆ ಹಳೆಯದು. ಅದು ಬೇರೆಯೇ ಚರ್ಚೆ. ಆ ಬೇಡಿಕೆಯ ಬಿಸಿಯಲ್ಲಿ ಅಭಿಯೋಜನೆಯನ್ನು ಎರಡಾಗಿ ಒಡೆಯಬಾರದು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಸ್ವಾತಂತ್ರ್ಯದ ವಿಷಯ. ಸರ್ಕಾರಿ ವಕೀಲರು ಪೊಲೀಸರ ಕೈಕೆಳಗೆ ಇರಬಾರದು ಅಂತ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲೇ ಪ್ರತ್ಯೇಕ ವ್ಯವಸ್ಥೆ ಬೇಕು ಅಂದಿತ್ತು. 1995ರಲ್ಲಿ ಶಹಾಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಪಿಪಿಗಳನ್ನು ಪೊಲೀಸ್ ಇಲಾಖೆಯಿಂದ ಪೂರ್ತಿ ಬೇರ್ಪಡಿಸಿ ಅಂತ ಮಹಾರಾಷ್ಟ್ರ ಸರ್ಕಾರಕ್ಕೆ ಹೇಳಿತು. 2000ದ ಆರ್. ಸರಳಾ ಪ್ರಕರಣದಲ್ಲಿ ಅದೇ ಕೋರ್ಟು ಇನ್ನೊಂದು ಗೆರೆ ಎಳೆಯಿತು. ತನಿಖೆ ಪೊಲೀಸರದ್ದು, ಚಾರ್ಜ್‌ಶೀಟ್ ಹಾಕಬೇಕಾ ಬೇಡವಾ ಅನ್ನೋ ತೀರ್ಮಾನವೂ ಅವರದ್ದೇ, ಅದಕ್ಕೆ ಸರ್ಕಾರಿ ವಕೀಲರ ಅಭಿಪ್ರಾಯ ಪಡೆಯಿರಿ ಅಂತ ಕೋರ್ಟು ಆದೇಶಿಸುವಂತಿಲ್ಲ ಅಂದಿತು. ಠಾಣೆಯವರನ್ನು ಕರೆಸಿ ಕಡತ ನೋಡುವುದು ಕಾಗದದ ಮೇಲೆ ಚೆನ್ನಾಗಿದೆ. ಸಣ್ಣ ಊರಿನಲ್ಲಿ ದಿನಾ ಮುಖ ನೋಡಿಕೊಳ್ಳುವ ಇಬ್ಬರ ನಡುವೆ ಅದು ಬೇಗ ಸಲುಗೆಯಾಗುತ್ತದೆ. ಡಿವೈಎಸ್‌ಪಿ, ಶಾಸಕರ ಕಚೇರಿ, ಊರಿನ ಗಣ್ಯರು ಎಲ್ಲ ಒಂದೇ ಪೇಟೆಯಲ್ಲಿ ಇರುತ್ತಾರೆ. "ಸಾಹೇಬ್ರೇ, ನಮ್ಮ ಹುಡುಗ್ರು, ಸ್ವಲ್ಪ ನೋಡಿ" ಅನ್ನೋ ಮಾತನ್ನು ಒಬ್ಬಂಟಿ ಅಧಿಕಾರಿ ಎಷ್ಟು ದಿನ ತಡೆದುಕೊಂಡಾರು?

ಗಲಾಟೆ ಕೇಸುಗಳಲ್ಲಿ ಇದು ಇನ್ನೂ ಸೂಕ್ಷ್ಮ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಹೊತ್ತಿಕೊಂಡ ಗಲಭೆ ಕುಮಟಾಕ್ಕೂ ಶಿರಸಿಗೂ ಹಬ್ಬಿತ್ತು. ಅಂಥ ಸರಣಿ ಘಟನೆಗಳ ಕೇಸುಗಳು ಘಟ್ಟದ ಕೆಳಗೆ ಒಂದು ರೀತಿ, ಮೇಲೆ ಇನ್ನೊಂದು ರೀತಿ ನಡೆಯಬಾರದು. ಕೇಸು ವಾಪಸ್ ಪಡೆಯಲು ಸರ್ಕಾರಿ ವಕೀಲರು ಅರ್ಜಿ ಹಾಕಿದರೆ ನೊಂದವರ ಮಾತು ಕೇಳದೆ ಕೋರ್ಟು ಒಪ್ಪಿಗೆ ಕೊಡುವಂತಿಲ್ಲ ಅಂತ ಹೊಸ ಸಂಹಿತೆಯ 360ನೇ ಕಲಂ ಹೇಳುತ್ತದೆ. ಒಳ್ಳೆಯ ಬದಲಾವಣೆ. ಆದರೆ ಅರ್ಜಿ ಹಾಕಬೇಕಾ ಅಂತ ಯೋಚಿಸುವ ಹಂತದಲ್ಲೇ ಒತ್ತಡ ಬರುವುದು. ಆಗ ಇಡೀ ಜಿಲ್ಲೆಗೆ ಉತ್ತರ ಕೊಡಬೇಕಾದ ಒಬ್ಬರು ಇದ್ದರೆ ಸಮ.

ಗೋವಾ ಮದ್ಯದ ಕೇಸುಗಳನ್ನೂ ನೋಡಿ. ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ತಪ್ಪಿಸಿಕೊಂಡ ಗಾಡಿ ಅರಬೈಲ್ ಘಟ್ಟ ಹತ್ತಿದ ಮೇಲೆ ಯಲ್ಲಾಪುರದಲ್ಲಿ ಸಿಕ್ಕಿಬೀಳಬಹುದು. ಗಾಡಿಯ ಹಿಂದಿರುವವರು ಒಬ್ಬರೇನಾ ಅಂತ ಗೊತ್ತಾಗಲು ಎರಡೂ ಕಡತ ಒಂದೇ ಮೇಜಿನ ಮೇಲೆ ಇರಬೇಕು. ಖುಲಾಸೆಗಳ ಪರಿಶೀಲನೆಗೂ ಇದೇ ಮಾತು. ಒಂದು ಠಾಣೆಯ ಪಂಚರು ಪದೇ ಪದೇ ಉಲ್ಟಾ ಹೊಡೆಯುತ್ತಿದ್ದರೆ ಅದು ಜಿಲ್ಲೆಯ ಎಲ್ಲ ಠಾಣೆಗಳ ಪಕ್ಕ ಇಟ್ಟಾಗಲೇ ಕಾಣುವುದು. ಎಸ್‌ಪಿ ಇರುವುದು ಕಾರವಾರದಲ್ಲಿ. ಮ್ಯಾಜಿಸ್ಟ್ರೇಟ್ ಕೋರ್ಟಿನ ಖುಲಾಸೆಗಳ ಮೇಲೆ ಮೇಲ್ಮನವಿ ಹಾಕಲು ನಿರ್ದೇಶನ ಕೊಡಬೇಕಾದ ಜಿಲ್ಲಾಧಿಕಾರಿ ಇರುವುದೂ ಅಲ್ಲೇ. 90 ದಿನ ಉಳಿಸಬೇಕಾದರೆ ಮಧ್ಯೆ ಇನ್ನೊಂದು ಟಪಾಲು ಪುಸ್ತಕ ಸೇರಿಸಬೇಡಿ.

ಹಾಗಾದರೆ ಘಟ್ಟದ ಮೇಲಿನವರು ಸುಮ್ನೆ ಇರಬೇಕಾ? ಖಂಡಿತ ಬೇಡ. ಉಪ ನಿರ್ದೇಶಕರು ತಿಂಗಳಲ್ಲಿ ಇಂತಿಂಥ ದಿನ ಶಿರಸಿಯಲ್ಲಿ, ಇಂತಿಂಥ ದಿನ ದಾಂಡೇಲಿಯಲ್ಲಿ ಕೂರುತ್ತಾರೆ ಅಂತ ಮೊದಲೇ ಪ್ರಕಟವಾಗಲಿ. ಆ ಪಟ್ಟಿ ಕೋರ್ಟಿನ ನೋಟಿಸ್ ಬೋರ್ಡಿನಲ್ಲಿ ಇರಲಿ. ಸಾಕ್ಷಿಗೆ ಹಿಂದಿನ ದಿನ ಸಂಜೆ ಫೋನ್ ಮಾಡಿ "ನಾಳೆ ನಿಮ್ಮದು ಆಗುತ್ತದೆ, ಬನ್ನಿ" ಅಥವಾ "ಬರಬೇಡಿ" ಅಂತ ಹೇಳಲು ಪ್ರತಿ ಕೋರ್ಟಿಗೂ ಒಬ್ಬ ಗುಮಾಸ್ತ ಸಿಗಲಿ. ಸಾಕ್ಷಿಗಳು ಕೂರಲು ಬೇರೆ ಕೋಣೆ ಬೇಕು ಅನ್ನೋದನ್ನು ನಾನೂ ಒಪ್ಪುತ್ತೇನೆ. ಅದು ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಇರಬೇಕು, ಶಿರಸಿಯ ಒಂದು ಕಚೇರಿಯಲ್ಲಿ ಮಾತ್ರ ಅಲ್ಲ. ಸಹಾಯಕ ನಿರ್ದೇಶಕರ ಹುದ್ದೆಗೆ ಹಣ ಇದ್ದರೆ ಆ ಹಣದಲ್ಲಿ ಪ್ರಭಾರದ ಮೇಲೆ ನಡೆಯುವ ಕೋರ್ಟಿಗೆ ಮೊದಲು ಪೂರ್ಣಾವಧಿ ಎಪಿಪಿ ಕೊಡಲಿ.